ಬೇಶರಮ್ ಬೇಲಿ

ಶೋಭಾ, ನಿನ್ನ ಅತ್ತೆಯ ಮನೆಯ ಆಡುಗಳಿಗೆ ನಂಜೇರಿಸಿದ್ದು ನಾನು. ನಿನ್ನ ಕಾಲ್ಗುಣವಲ್ಲ, ನಿನ್ನ ಕೈಯ ಮೇವಲ್ಲ — ನಾನು, ನೀನು ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಸುಶೀಲಾ. ಬೇಕೆಂದು ಮಾಡಲಿಲ್ಲ. ಆದರೆ ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡೆನಲ್ಲ, ಅದು ಬೇಕೆಂದೇ ಮಾಡಿದ್ದು.

ನೀನು ನಮ್ಮ ಅಂಕಲಿ ಊರಿಗೆ ಸೊಸೆಯಾಗಿ ಬರುವ ಮುಂಚಿನ ಮಳೆಗಾಲ ಅದು. ನಿನ್ನ ಅತ್ತೆ ಗೌರವ್ವನ ಆಡುಗಳು ನನ್ನ ಹಿತ್ತಿಲಿಗೆ ನುಗ್ಗಿ ಬದನೆ, ಮೆಂತ್ಯೆ ಯಾವುದನ್ನೂ ಉಳಿಸುತ್ತಿರಲಿಲ್ಲ. ಹೇಳಲು ಹೋದರೆ ಅವಳಿಗೆ ನಗು. “ಆಡಿಗೇನ್ ಹದ್ದ ಗೊತ್ತಾಗತೈತೇನ್ರಿ ಅಕ್ಕಾರ?” ಎನ್ನುತ್ತಿದ್ದಳು. ಗೊತ್ತಾಗುವ ಹಾಗೆ ಮಾಡುತ್ತೇನೆ ಎಂದು ನನಗೂ ಹಠ ಬಂತು. ಹಳ್ಳದ ದಂಡೆಯಿಂದ ಬೇಶರಮ್ ಗಿಡದ ಕಡ್ಡಿಗಳನ್ನು ಕಡಿದು ತಂದು ನಮ್ಮಿಬ್ಬರ ಹಿತ್ತಿಲುಗಳ ನಡುವೆ ಸಾಲಾಗಿ ಊರಿದೆ. ಕಡಿದಷ್ಟೂ ಚಿಗುರುವ, ಬಿಸಾಕಿದಲ್ಲೇ ಬೇರು ಬಿಡುವ ನಾಚಿಕೆಗೇಡಿ ಗಿಡ — ಅದಕ್ಕೇ ಆ ಹೆಸರು. ಅದಕ್ಕೆ ಆಡು ಬಾಯಿ ಹಾಕುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಬಲ್ಲ ನಾನೂ ಅದನ್ನು ನಂಬಿದೆ.

ನೀನು ಬಂದ ಮೇಲಿನ ಬೇಸಿಗೆಯ ಹೊತ್ತಿಗೆ ಬೇಲಿ ನನ್ನ ತಲೆಗಿಂತ ಎತ್ತರವಾಗಿತ್ತು. ನಾನು ಅದಕ್ಕೆ ಒಂದು ತಂಬಿಗೆ ನೀರನ್ನೂ ಹಾಕಿದವಳಲ್ಲ. ಸುತ್ತಲಿನ ಹುಲ್ಲೆಲ್ಲ ಒಣಗಿ ಕಂದು ಹಿಡಿದಿದ್ದಾಗ ಅದೊಂದೇ ಹಸಿರು, ಮೈತುಂಬ ನಸುಗೆಂಪು ಹೂ. ಬಟ್ಟೆ ಒಣಹಾಕಲು ಅದರದೇ ಒಂದು ಒಣಗಿದ ಗೂಟ ನೆಟ್ಟಿದ್ದೆ. ಅದೂ ಚಿಗುರಿ, ನನ್ನ ಸೀರೆಯ ಮಡಿಕೆಯೊಳಗೆ ಎಲೆ ಬಿಟ್ಟಿತ್ತು. ಎಳೆದು ಬಿಡಿಸಿಕೊಂಡಾಗ ಹಾಲು ಒಸರಿ ಕೈಗೆ ಅಂಟಿತು.

ಒಂದು ಮುಂಜಾನೆ ಹಿತ್ತಿಲಿಗೆ ಬಂದರೆ ಆಡುಗಳು ಬೇಲಿಯಾಚೆ ಒತ್ತೊತ್ತಾಗಿ ನಿಂತಿದ್ದವು. ಕೂಗಲಿಲ್ಲ, ಕಾದಾಡಲಿಲ್ಲ. ಬೇಶರಮ್ ಎಲೆಗಳನ್ನು ಮೆಲ್ಲಗೆ ಜಗಿಯುತ್ತಿದ್ದವು. ನಿನ್ನ ಕೈಯಲ್ಲಿ ಹಸಿ ಜೋಳದ ಮೇವು ಇತ್ತು; “ಬಾ, ಬಾ” ಎಂದು ನೀನು ಕರೆಯುತ್ತಿದ್ದೆ. ಒಂದೂ ತಿರುಗಿ ನೋಡಲಿಲ್ಲ. ನಾನು ಹತ್ತಿರ ಹೋದಾಗ ಮಾತ್ರ ಎಲ್ಲವೂ ಒಟ್ಟಿಗೆ ತಲೆ ಎತ್ತಿದವು. ಎತ್ತಿದ ತಲೆಗಳು ನಡುಗುತ್ತಿದ್ದವು, ಎಡಕ್ಕೆ, ಬಲಕ್ಕೆ — ಬೇಡ ಬೇಡ ಎನ್ನುವಂತೆ. ಕಣ್ಣು ನನ್ನ ಮೇಲಿದ್ದರೂ ಅವು ನನ್ನನ್ನು ನೋಡುತ್ತಿರಲಿಲ್ಲ...

ಆಮೇಲಿನದು ನಿನಗೆ ಗೊತ್ತು. ನಿಂತ ಆಡು ನಿಂತಲ್ಲೇ ಕುಸಿಯತೊಡಗಿತು. ಎದ್ದರೆ ಹಿಂಗಾಲು ಅಡ್ಡಾದಿಡ್ಡಿ. ಗಬ್ಬದ ಆಡು ಈದಾಗ ಹುಟ್ಟಿದ ಮರಿಯ ಕುತ್ತಿಗೆ ಬೆನ್ನಿನ ಕಡೆಗೆ ತಿರುಚಿಕೊಂಡಿತ್ತು, ಮುಂಗಾಲು ಮಡಚಿದ್ದು ಬಿಚ್ಚಲೇ ಇಲ್ಲ. ನೀನು ಅದನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಹಾಲು ನೆಕ್ಕಿಸಲು ನೋಡುತ್ತಿದ್ದೆ. ಆಗ ನಿನ್ನ ಹೊಟ್ಟೆಯಲ್ಲೂ ಕೂಸು. ಓಣಿಯ ಹೆಂಗಸರು ಮರಿಯನ್ನು ನೋಡಿದರು, ನಿನ್ನ ಹೊಟ್ಟೆಯನ್ನು ನೋಡಿದರು.

ನಾನು ಚಿಕ್ಕೋಡಿಗೆ ಹೋಗಿ ದನದ ಡಾಕ್ಟರರನ್ನು ಕೇಳಿದೆ. ನಮ್ಮ ಬೀಗರ ಆಡು ಎಂದು ಸುಳ್ಳು ಹೇಳಿ ಕೇಳಿದೆ. “ಬೇಶರಮ್ ತಿಂದಿರಬೇಕ್ರಿ. ಒಮ್ಮಿ ರುಚಿ ಹತ್ತಿದ್ರ ಬ್ಯಾರೆ ಮೇವ ಮುಟ್ಟೂದಿಲ್ಲ. ಹೊಟ್ಟ್ಯಾಗಿನ ಮರಿಗೂ ನಂಜ ಏರತೈತಿ,” ಎಂದರು. ಬಸ್ಸಿನಲ್ಲಿ ವಾಪಸು ಬಂದೆ. ನಾವು ನೀರು ಸೋಸಿ ಕುಡಿಯುವ ಜೈನರು. ದೀಪಕ್ಕೆ ಬಂದ ಹುಳ ಅನ್ನದಲ್ಲಿ ಬಿದ್ದು ಸಾಯಬಾರದೆಂದು ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವವರು. ಇಂಥ ಮನೆಯವಳು ಹೀಗೆ ಮಾಡಿದಳೆಂದು ಊರಿಗೆ ತಿಳಿದರೆ — ಆಡು, ಮರಿ, ನೀನು, ಯಾವುದೂ ಅಲ್ಲ, ನಾನು ಅಂಜಿದ್ದು ಆ ಒಂದು ಮಾತಿಗೆ.

ಅದೇ ವಾರ ಗೌರವ್ವ ನನ್ನನ್ನು ತನ್ನ ಅಂಗಳಕ್ಕೆ ಕರೆದಳು. ನೀನು ಬಾಗಿಲ ಹಿಂದೆ ನಿಂತಿದ್ದೆ. ನಿನ್ನ ಸೀರೆಯ ಅಂಚು ಕಾಣುತ್ತಿತ್ತು. “ಅಕ್ಕಾರ, ನೀವ ಹೇಳ್ರಿ. ಈಕಿ ಬರೂಕಿಂತ ಮೊದಲ ನಮ್ಮ ಆಡಿಗೆ ಹಿಂಗ ಆಗಿತ್ತೇನ್ರಿ?”

“ಆಗಿದ್ದಿಲ್ಲ,” ಎಂದೆ.

ಆಡಿದ್ದು ನಿಜವೇ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜನ್ಮದಲ್ಲಿ ಆಡಿಲ್ಲ.

ಹೆರಿಗೆಗೆ ಎಂದು ನಿನ್ನನ್ನು ತವರೂರು ಅಲಖನೂರಿಗೆ ಕಳಿಸಿದರು. ನಿನಗೆ ಮಗಳು ಹುಟ್ಟಿ, ಕೈಕಾಲು ನೆಟ್ಟಗೆ ಆಡಿಸುತ್ತ ಆರೋಗ್ಯವಾಗಿದ್ದಾಳೆಂದು ತಿಳಿದ ಮೇಲೂ ಕರೆಯಲು ಯಾರೂ ಬರಲಿಲ್ಲ. ನಿನ್ನ ಗಂಡ ಬಸು ಲಕ್ಷ್ಮಿ ಎಂಬ ಇನ್ನೊಬ್ಬಳನ್ನು ಮದುವೆಯಾದ. ನಾನು ಆ ಮದುವೆಯಲ್ಲಿ ಉಂಡು ಬಂದೆ, ಶೋಭಾ.

ನೀನು ಹೋದ ಮೇಲೆ ಬೇಲಿಯನ್ನೆಲ್ಲ ಕಡಿದು ಹಳ್ಳಕ್ಕೆ ಎಸೆದಿದ್ದೆ. ಸಾಕ್ಷಿ ನೀರುಪಾಲಾಯಿತು ಅಂದುಕೊಂಡೆ. ಮಳೆ ಬಂದು ಇಳಿದಾಗ ನೋಡಿದರೆ, ತುಂಡು ತುಂಡೂ ದಂಡೆಗೆ ಹತ್ತಿ ಬೇರು ಬಿಟ್ಟಿತ್ತು. ನನ್ನ ಹಿತ್ತಿಲ ಬೊಡ್ಡೆಗಳೂ ಮತ್ತೆ ಚಿಗುರಿದವು. ಕಡಿದೆ. ಸುಟ್ಟೆ. ಬೂದಿಯ ಬದಿಯಿಂದಲೇ ಮೊಳಕೆ ಎದ್ದಿತು. ಈಗ ನಮ್ಮ ಹಳ್ಳ ಹೊಳೆಗೆ ಸೇರುವವರೆಗೂ ಅದೇ ಹೂವು. ಗಾಳಿಯಿಲ್ಲದ ಮಧ್ಯಾಹ್ನ ಆ ದಾರಿಯಲ್ಲಿ ನಡೆದರೆ ಎಲ್ಲ ಹೂವೂ ನನ್ನ ಕಡೆಗೇ ಮುಖ ಮಾಡಿ ನಿಂತಂತೆ — ಹಾಗೆ ಕಾಣುವುದು ನನಗೊಬ್ಬಳಿಗೇ ಇರಬೇಕು.

ಈ ಬೇಸಿಗೆಯಲ್ಲಿ ಗೌರವ್ವನ ಹೊಸ ಆಡುಗಳು ಹಳ್ಳಕ್ಕೆ ಹೋಗಿ ಬಂದು ಮತ್ತೆ ತಲೆ ನಡುಗಿಸತೊಡಗಿದವು. ನಿನ್ನೆ ಬೆಳಿಗ್ಗೆ ಅಂಗಳದಿಂದ ಅವಳ ಕೂಗು ಕೇಳಿಸಿತು. “ಈಕೀದೂ ಅದ ಕಾಲ್ಗುಣ! ತವರಿಗಿ ನಡಿಯಬೇ!” ಲಕ್ಷ್ಮಿ ಬಟ್ಟೆಯ ಗಂಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ನನ್ನ ಕಾಲು ತಾನಾಗಿ ಅತ್ತ ನಡೆಯಿತೆಂದು ಹೇಳಲಾರೆ. ಬಹಳ ಹೊತ್ತು ನನ್ನ ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಹೋದೆ.

“ಗೌರವ್ವಾ, ಅದು ಬೇಶರಮ್ ನಂಜ. ಆಗ ಹಿತ್ತಲದಾಗ ಹಚ್ಚಿದಾಕಿ ನಾನ. ಶೋಭಾನ್ನ ಕಳಿಸೂ ಮೊದಲ ನನಗ ಗೊತ್ತಿತ್ತು.”

ಬೈಯುತ್ತಾಳೆ, ಕೈ ಎತ್ತುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕುಳಿತಳು.

“ಹಂಗಾರ... ಶೋಭಾ...” ಎಂದಳು. ಲಕ್ಷ್ಮಿ ಗಂಟನ್ನು ಕೆಳಗಿಟ್ಟಳು.

ಆಡು ಅದನ್ನು ತಿನ್ನುವುದಿಲ್ಲ ಎಂದಿದ್ದರು, ನನಗೆ ಗೊತ್ತಿರಲಿಲ್ಲ, ಅಂಜಿಕೆ ಇತ್ತು — ಇವೆಲ್ಲ ನಿನಗೆ ಬೇಕಾದ ಮಾತುಗಳಲ್ಲ. ಕ್ಷಮೆಯನ್ನೂ ಕೇಳುವುದಿಲ್ಲ, ಅದನ್ನು ಕೊಡಬೇಕಾದ ಭಾರವನ್ನೂ ನಿನ್ನ ಮೇಲೆ ಹಾಕಲಾರೆ. ನಾಳೆ ಅಲಖನೂರಿಗೆ ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಓಣಿಯಲ್ಲೇ ನಿಂತು ಹೇಳುತ್ತೇನೆ, ನಿನ್ನ ಮಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ.