ಕೆಂಪಿಗೆ ಹಾಕದ ಹತ್ತಿಕಾಳು

ಇವತ್ತು ಮೊಮ್ಮಗ ಹಾಲು ಕೊಡುವ ಆಕಳಿಗೆಂದು ಹತ್ತಿಕಾಳು ನೆನೆಹಾಕಿದ್ದ. ಆ ಜಿಡ್ಡು ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸಿನಲ್ಲೇ ಕಂಪ್ಲಿಯ ನಮ್ಮ ಹಳೇ ಕೊಟ್ಟಿಗೆಯಲ್ಲಿ ನಿಂತಿದ್ದೆ. ಆಗಿನ್ನೂ ಬ್ರಿಟಿಷರಿದ್ದರು, ನಾನು ಚಿಕ್ಕ ಹುಡುಗಿ.

ನಮ್ಮ ಎರಡು ಮುದಿ ಆಕಳು ಒಂದೇ ವಾರ ಈದಿದ್ದವು. ಒಂದರದು ಹೋರಿಗರು, ಇನ್ನೊಂದರದು ಹೆಣ್ಣುಗರು, ಕೆಂಪಿ. ಮುಂದೆ ಮನೆಯ ಹಾಲಿಗೆ ಕೆಂಪಿಯೇ ಗತಿ. ಆದರೂ ಅಪ್ಪ ಹೋರಿಗೆ ಹೊಟ್ಟೆ ತುಂಬ ಹಾಲು ಬಿಟ್ಟ, ಬಲಿತ ಮೇಲೆ ಹತ್ತಿಕಾಳು ರುಬ್ಬಿ ಹಾಕಿದ. ಕೆಂಪಿಗೆ ತೆಳು ಗಂಜಿ.

"ಅದಕ್ಕೂ ಒಂದ್ ಹಿಡಿ ಹಾಕ್ರಿ," ಎಂದಳು ಅವ್ವ.

"ಹೋರಿ ಕಬ್ಬಿನ ಗಾಡಿ ಎಳೀತೈತಿ. ಇದು ಬರೇ ತಿಂತೈತಿ. ಹಾಲು ಕೊಡಾಕತ್ತಿದ ಮ್ಯಾಲೆ ಹಾಕೋಣ ತಗಿ."

ಹೈನದಿಂದಲೇ ಮನೆ ಕಟ್ಟಿದವಳು ನಾನು. ಇಂಥ ಉಳಿತಾಯ ಎಷ್ಟು ದುಬಾರಿ ಎಂದು ಈಗ ಗೊತ್ತು.

ಕೆಂಪಿ ಗಿಡ್ಡಗೆ, ಎಲುಬು ಕಾಣುವ ಹಾಗೇ ಉಳಿದು, ಹಾಗೇ ಗಬ್ಬವಾದಳು. ಈಯುವಾಗ ಸೊಂಟದ ಎಲುಬಿನ ನಡುವೆ ಕರು ಹೊರಬರಲು ಜಾಗವೇ ಇರಲಿಲ್ಲ. ಓಣಿಯ ಗಂಡಸರು ಹಗ್ಗ ಕಟ್ಟಿ ಎಳೆದರು. ಕರು ಸತ್ತೇ ಬಂತು. ಕೆಂಪಿ ಬದುಕಿದಳು, ಆದರೆ ಹಾಲು ಅರ್ಧ ತಂಬಿಗೆ ದಾಟಲಿಲ್ಲ.

ಆಮೇಲೆ ಅಪ್ಪ ಬುಟ್ಟಿಗಟ್ಟಲೆ ಹತ್ತಿಕಾಳು ಸುರಿದ. ಕೆಂಪಿ ಎಲ್ಲ ತಿಂದಳು. ಮುಂದಿನ ಸೂಲಿನಲ್ಲಿ ಈದ ಮೇಲೂ ಅದೇ ಅರ್ಧ ತಂಬಿಗೆ.

"ಈಗ ಹೊಟ್ಟಿ ತುಂಬತೈತಿ, ಎಲುಬು ಬೆಳೆಯಂಗಿಲ್ರಿ," ಎಂದು ಅವ್ವ ಹಾಲಿನ ಗಡಿಗೆಯನ್ನು ಬೋರಲು ಹಾಕಿದಳು.

ಇವತ್ತು ಮೊಮ್ಮಗ ಹತ್ತಿಕಾಳಿನ ಬಕೆಟ್ ಹಿಡಿದು, ಇನ್ನೂ ಈಯದ ಕಡಸನ್ನು ದಾಟಿ ಹೊರಟ. ಅದು ಕತ್ತು ಚಾಚಿತು.

"ಇದಕ್ಕೇನೋ?" ಎಂದೆ.

"ಹಾಲು ಕೊಡಾಕತ್ತಲಿ ತಡಿ ಅಜ್ಜಿ."

ಅವನ ಕೈಯಿಂದ ಬಕೆಟ್ ಕಸಿದುಕೊಂಡೆ.