ಬ್ಯಾಟು ಬದಲಾಯಿಸಿ ಮೇಡಂ

"ಬ್ಯಾಟು ಬದಲಾಯಿಸಿ ಮೇಡಂ" ಎಂದು ನನಗೆ ಮೊದಲು ಹೇಳಿದವರು ನಮ್ಮ ಕಚೇರಿಯ ಸೂಪರಿಂಟೆಂಡೆಂಟರು. ಅವರು ಜೀವಮಾನದಲ್ಲಿ ಒಂದು ದಿನವೂ ಬಾಲ್ ಬ್ಯಾಡ್ಮಿಂಟನ್ ಆಡಿದವರಲ್ಲ. ಸಂಜೆ ಕಚೇರಿ ಮುಗಿದ ಮೇಲೆ ಗುಬ್ಬಿಯ ಹೈಸ್ಕೂಲು ಮೈದಾನಕ್ಕೆ ಬಂದು, ಸ್ಕೂಟರಿನ ಸೀಟಿನ ಮೇಲೆ ಪಕ್ಕಕ್ಕೆ ತಿರುಗಿ ಕೂತು, ಕಡಲೆಕಾಯಿ ಬಿಡಿಸುತ್ತ ನಮ್ಮ ಆಟ ನೋಡುತ್ತಿದ್ದರು. ಸಿಪ್ಪೆ ಬೀಳುತ್ತಿದ್ದುದು ನಾವು ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ. ಅದನ್ನು ಗುಡಿಸುವವರು ನಾವೇ.

"ಆ ಬ್ಯಾಟು ನಿಮ್ ಕೈಗೆ ಭಾರ ಆಯ್ತದೆ. ಹೆರಿಗೆ ಆದ್ಮೇಲೆ ಹೆಣ್ಮಕ್ಳಿಗೆ ತೋಳಲ್ಲಿ ಶಕ್ತಿ ಎಲ್ಲಿರ್ತದೆ?" ಎಂದರು. ನನ್ನ ತೋಳಿನ ಬಗ್ಗೆ, ನನ್ನ ಹೆರಿಗೆಯ ಬಗ್ಗೆ, ಕಡಲೆಕಾಯಿ ಜಗಿಯುತ್ತ! ಮೇಲಧಿಕಾರಿ ಎಂದು ಸುಮ್ಮನಾದೆ. ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ತುಮಕೂರಿನಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ಗುಬ್ಬಿಗೆ ಬಂದಿದ್ದೆ, ಅಲ್ಲೇ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದೆ. ಊರಿನ ನೌಕರಿಯ ಹೆಂಗಸರು ಸೇರಿ ಒಂದು ತಂಡ ಕಟ್ಟಿದ್ದೆವು. ಬಾಲ್ ಬ್ಯಾಡ್ಮಿಂಟನ್ ಎಂದರೆ ಶಟಲ್ ಅಲ್ಲ. ಮಣ್ಣಿನ ಕೋರ್ಟು, ಹಳದಿ ಉಣ್ಣೆಯ ಚೆಂಡು, ಮರದ ಬ್ಯಾಟು, ಒಂದೊಂದು ಕಡೆ ಐದೈದು ಜನ. ನಾನು ಹಿಂದಿನ ಸಾಲಿನವಳು. ಎದುರಿನವರು ಎತ್ತಿ ಕೊಟ್ಟ ಚೆಂಡನ್ನು ಹಿಂದಿನಿಂದ ಓಡಿ ಬಂದು ತಲೆಯ ಮೇಲಿಂದ ಹೊಡೆಯುವುದು ನನ್ನ ಕೆಲಸ. ಕಾಲೇಜಿನಲ್ಲಿದ್ದಾಗ ನಾನು ಹೊಡೆದ ಸ್ಮ್ಯಾಶು ಎದುರಿನವರ ಗೆರೆಯ ಒಳಗೆ ಬಿದ್ದು ಮಣ್ಣು ಹಾರಿಸುತ್ತಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಅಂದುಕೊಂಡರೂ ನನಗೇನೂ ಬೇಜಾರಿಲ್ಲ.

ಆ ಬ್ಯಾಟು ಕಾಲೇಜಿನ ಕೊನೆಯ ವರ್ಷ ನನಗೆ ಬಹುಮಾನವಾಗಿ ಬಂದದ್ದು. ಕಡುಗಂದು ಬಣ್ಣ, ಹಿಡಿಕೆಗೆ ಸುತ್ತಿದ ಚರ್ಮ, ಎತ್ತಿದರೆ ಎತ್ತಿದೆವು ಎಂದು ಕೈಗೆ ಗೊತ್ತಾಗುವಷ್ಟು ತೂಕ. ಮದುವೆ, ಬಸುರು, ಬಾಣಂತನ ಎಂದು ಮೂರು ವರ್ಷ ಅದು ಗೋಡೆಯ ಮೊಳೆಯಲ್ಲಿ ತೂಗಿತು. ಮಗಳು ನಡೆಯಲು ಶುರು ಮಾಡಿದ ಮೇಲೆ ಕೆಳಗಿಳಿಸಿದೆ. ಬಲೆ ಹರಿದಿತ್ತು. ಬ್ಯಾಟಿಗೆ ಬಲೆ ಕಟ್ಟುವುದನ್ನು ನಾವು ಗಟ್ಟಿಂಗ್ ಹಾಕುವುದು ಎನ್ನುತ್ತೇವೆ. ನಮ್ಮ ಯಜಮಾನರು ತುಮಕೂರಿನ ಅಂಚಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ದಿನವೂ ತುಮಕೂರಿಗೆ ಹೋಗಿ ಬರುತ್ತಿದ್ದರು. ಅಲ್ಲಿನ ಪೇಟೆಯ ಗಲ್ಲಿಯೊಂದರಲ್ಲಿ ಗಟ್ಟಿಂಗ್ ಹಾಕುವ ಸಾಬರಿದ್ದರು. ಮೊದಲು ನಮ್ಮಣ್ಣ ಕೊಂಡೊಯ್ಯುತ್ತಿದ್ದುದೂ ಅವರ ಬಳಿಗೇ. ಯಜಮಾನರು ಬ್ಯಾಟನ್ನು ಅಲ್ಲಿಗೇ ಕೊಟ್ಟು ವಾರದೊಳಗೆ ಹಾಕಿಸಿಕೊಂಡು ಬಂದರು. ಮುಂದೆ ಹರಿದಾಗಲೆಲ್ಲ ಅವರೇ ಒಯ್ದರು.

ಮತ್ತೆ ಮೈದಾನಕ್ಕಿಳಿದ ದಿನದಿಂದ ನನ್ನ ಆಟ ಕೆಟ್ಟಿತು. ಹೊಡೆದ ಚೆಂಡು ಗೆರೆ ದಾಟಿ ಎಲ್ಲೋ ಹೋಗಿ ಬೀಳುತ್ತಿತ್ತು. ಎಡಕ್ಕೆಂದು ಹೊಡೆದರೆ ಬಲಕ್ಕೆ. ಸ್ವಲ್ಪ ತಡೆದು ಹೊಡೆದರೆ ನೆಟ್ಟಿಗೆ. ಒಂದು ಸಂಜೆ ಮೈದಾನದಾಚೆಯ ಚರಂಡಿಗೆ ಮೂರು ಸಲ ಚೆಂಡು ಕಳಿಸಿದೆ. ಮೊದಲೆಲ್ಲ ಟಣ್ಣೆನ್ನುತ್ತಿದ್ದ ಬ್ಯಾಟು ಈಗ ದಿಂಬಿಗೆ ಬಡಿದ ಹಾಗೆ ಡೊಬ್ಬೆನ್ನುತ್ತಿತ್ತು. ಮರ ಹಳೆಯದಾಯಿತೇನೋ ಅಂದುಕೊಂಡೆ. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ನನ್ನ ತೋಳೇ ಹಳೆಯದಾಯಿತೇನೋ ಅಂದುಕೊಂಡೆ.

ನಾನು ಅಂದುಕೊಳ್ಳುವುದು ಬೇರೆ, ಊರೆಲ್ಲ ಹೇಳುವುದು ಬೇರೆ. ಸೂಪರಿಂಟೆಂಡೆಂಟರು ಹೇಳಿದ ಮೇಲೆ ಕಚೇರಿಯಲ್ಲಿ ಟೀ ತರುವವನೂ ಹೇಳಿದ. ಟೈಪಿಸ್ಟು ಹೇಳಿದ. "ಲೇಡೀಸ್ ಬ್ಯಾಟು ಅಂತ್ಲೇ ಬರ್ತದಂತೆ ಮೇಡಂ, ಹಗೂರಕ್ಕೆ, ತಾಂಬೂಲದ ತಟ್ಟೆ ಇದ್ದಂಗೆ." ಹಗುರವಾದದ್ದು ಬೇಕಿದ್ದರೆ ನಾನು ಬೀಸಣಿಗೆ ಹಿಡಿದು ಮನೆಯಲ್ಲಿ ಕೂರುತ್ತಿರಲಿಲ್ಲವೆ? ಅವರು ಒಂದೊಂದು ಸಲ ಹೇಳಿದಾಗಲೂ ನನ್ನ ಹಟ ಒಂದೊಂದು ಗೇಣು ಬೆಳೆಯಿತು. ಆ ಬ್ಯಾಟು ಬಿಟ್ಟರೆ ಇವರೆಲ್ಲ ಹೇಳಿದ್ದು ನಿಜವಾಗುತ್ತದೆ. ಬಿಡದಿದ್ದರೆ ಚೆಂಡು ಚರಂಡಿಗೆ ಹೋಗುತ್ತದೆ. ಹೀಗೆ ನಾಲ್ಕು ವರ್ಷ ಕಳೆದೆ.

ನಮ್ಮ ಕ್ಯಾಪ್ಟನ್ ಹೈಸ್ಕೂಲಿನ ಪಿ.ಟಿ. ಮೇಡಂ. ನನಗಿಂತ ಹತ್ತು ವರ್ಷ ದೊಡ್ಡವರು. ಮುಂದಿನ ಸಾಲಿನಲ್ಲಿ ನಿಂತು, ಚೆಂಡನ್ನು ಹೊಡೆಯದೆ ಸುಮ್ಮನೆ ಸವರಿದ ಹಾಗೆ ಮಾಡಿ ಎದುರಿನವರ ಕಾಲ ಬಳಿ ಬೀಳಿಸುವುದರಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಶಾಲೆಯ ಹುಡುಗಿಯರಿಗೂ ಅದನ್ನೇ ಕಲಿಸುತ್ತಿದ್ದರು. ಆ ವರ್ಷ ಕುಣಿಗಲ್‌ನಲ್ಲಿ ತಾಲ್ಲೂಕು ತಾಲ್ಲೂಕುಗಳ ನೌಕರಿಯ ಹೆಂಗಸರಿಗೆಂದು ಪಂದ್ಯ ಇಟ್ಟಿದ್ದರು. ಹೋಗುವುದಕ್ಕೆ ಎರಡು ವಾರ ಇದೆ ಎನ್ನುವಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ನೇರವಾಗಿ ಹೇಳ್ಬಿಡ್ತೀನಿ. ಆ ಬ್ಯಾಟ್ ಹಿಡ್ಕೊಂಡು ಬಂದ್ರೆ ನಿನ್ನ ರಿಸರ್ವ್‌ನಲ್ಲಿ ಕೂರಿಸ್ತೀನಿ. ಹಗುರದ್ದು ತಗೋ, ಮೆಲ್ಲಗೆ ಆಡು. ನಮ್ ಕೈಗೆ ಸ್ಮ್ಯಾಶ್ ಎಲ್ಲ ಒಗ್ಗಲ್ಲ. ಔಟ್ ಹೋಗೋದೇ."

ಬೇರೆ ಯಾರಾದರೂ ಹೇಳಿದ್ದರೆ ಜಗಳವಾಡುತ್ತಿದ್ದೆ. ಮೇಡಂ ನನ್ನ ಒಳ್ಳೆಯದಕ್ಕೇ ಹೇಳಿದ್ದರು, ತಂಡದ ಒಳ್ಳೆಯದಕ್ಕೂ ಹೌದು. ಮನೆಗೆ ನಡೆದುಕೊಂಡು ಬರುವಾಗ ಕಣ್ಣಲ್ಲಿ ನೀರು ಬಂತು. ಸೋಲುವುದಕ್ಕಿಂತ, ಹೊಡೆಯುವುದನ್ನೇ ಬಿಡು ಎಂದದ್ದು ಹೆಚ್ಚು ನೋಯಿಸಿತು.

ಶನಿವಾರ ಅರ್ಧ ದಿನ ರಜೆ ಹಾಕಿ ತುಮಕೂರಿನ ಬಸ್ಸು ಹತ್ತಿದೆ. ಆಟದ ಸಾಮಾನಿನ ಅಂಗಡಿಯಲ್ಲಿ ಹಗುರವಾದ ಹೊಸ ಬ್ಯಾಟು ಕೊಂಡೆ. ಬರೀ ಮರದ ಚೌಕಟ್ಟು, ಗಟ್ಟಿಂಗ್ ನಾವೇ ಹಾಕಿಸಿಕೊಳ್ಳಬೇಕು. ಹಳೆಯದೂ ಅದೇ ಚೀಲದಲ್ಲಿತ್ತು. ಏಕೆ ತಂದೆನೋ ನನಗೇ ಗೊತ್ತಿರಲಿಲ್ಲ. ಎರಡನ್ನೂ ಹಿಡಿದು ಮೊದಲ ಸಲ ನಾನೇ ಗಟ್ಟಿಂಗ್ ಸಾಬರ ಅಂಗಡಿಗೆ ಹೋದೆ. ಅಂಗಡಿ ಎಂದರೆ ಒಂದು ಚಾಪೆ ಹಾಸುವಷ್ಟು ಜಾಗ. ಬಿಳಿ ಗಡ್ಡದ ಮುದುಕರು, ಮಡಿಲಲ್ಲಿ ಬ್ಯಾಟು ಇಟ್ಟುಕೊಂಡು, ಒಂದೊಂದು ತೂತಿಗೂ ಎಳೆ ತೂರಿಸಿ ಬಿಗಿದು, ಜಾರದ ಹಾಗೆ ದಬ್ಬಳ ಸಿಕ್ಕಿಸುತ್ತಿದ್ದರು.

"ಯಾರಿಗಮ್ಮ ಇದು?" ಎಂದು ಹೊಸದನ್ನು ತಿರುಗಿಸಿ ನೋಡಿದರು.

"ನನಗೇ."

"ಲೇಡೀಸ್‌ಗೆ. ಸರಿ, ಸಡಿಲ ಹಾಕ್ಕೊಡ್ತೀನಿ." ನಂತರ ಚೀಲದಿಂದ ಇಣುಕುತ್ತಿದ್ದ ಹಳೆಯದನ್ನು ನೋಡಿ ಮುಖ ಅರಳಿಸಿದರು. "ಓ, ಗುಬ್ಬಿಯವರದ್ದು! ಇದಕ್ಕೂ ನಾನೇ ಹಂಗೇ ಹಾಕಿರೋದು."

"ಹಂಗೇ ಅಂದ್ರೆ?"

"ಹಂಗೇ ಅಂದ್ರೆ ಸಡಿಲ. ಗಂಡಸರದ್ದಾದ್ರೆ ಪೂರ್ತಿ ಎಳೀತೀನಿ, ಹೆಣ್ಮಕ್ಳದ್ದಾದ್ರೆ ಬಿಟ್ಟು ಕಟ್ತೀನಿ. ನಮ್ಮ ತಂದೆ ಕಾಲದಿಂದ ಹಂಗೇ ಅಮ್ಮ. ಬಿಗಿ ಹಾಕಿದ್ರೆ ಕೈಗೆ ಏಟು ಬೀಳ್ತದೆ. ನಿಮ್ಮ ಯಜಮಾನ್ರೂ ಹೇಳಿದ್ರಲ್ಲ, ಮನೆಯವರದ್ದು, ಮಗು ಆಗಿದೆ, ನೋಡಿ ಹಾಕಿ ಅಂತ."

ಪಕ್ಕದಲ್ಲಿ ಯಾವನೋ ಗಂಡಸಿನ ಬ್ಯಾಟು ಗಟ್ಟಿಂಗ್ ಮುಗಿದು ಗೋಡೆಗೆ ಒರಗಿತ್ತು. ಸಾಬರು ಅದರ ಬಲೆಯನ್ನು ಉಗುರಿನಿಂದ ಮೀಟಿದರು. ಟಣ್! ನನ್ನದನ್ನು ಮೀಟಿದರು. ಡೊಬ್. ವ್ಯತ್ಯಾಸ ನನಗೆ ಅರ್ಥವಾಗಲೆಂದು ಇನ್ನೊಮ್ಮೆ ಮೀಟಿದರು.

ಅರ್ಥವಾಗದೆ ಏನು! ಸಡಿಲ ಬಲೆಯಲ್ಲಿ ಚೆಂಡು ಒಳಗೆ ಹೂತು, ತನಗೆ ಇಷ್ಟ ಬಂದ ಕಡೆ ಚಿಮ್ಮಿ ಹೋಗುತ್ತದೆ. ಕಾಲೇಜಿನಲ್ಲಿ ನನ್ನ ಬ್ಯಾಟು ಬಿಗಿಯಾಗಿತ್ತು, ಏಕೆಂದರೆ ಕೊಂಡೊಯ್ದವನು ನಮ್ಮಣ್ಣ, ಅದು ಅವನದೇ ಎಂದು ಸಾಬರು ತಿಳಿದಿದ್ದರು. ಅದೇ ಬ್ಯಾಟು, ಅದೇ ಕೈ, ಅದೇ ಸಾಬರು. ಹೆಂಗಸಿನದ್ದು ಎಂದು ಗೊತ್ತಾದ ದಿನದಿಂದ ಅದು ಹಾಳಾಯಿತು. ನಾಲ್ಕು ವರ್ಷ ನಾನು ಶಪಿಸಿದ್ದು ನನ್ನ ಭುಜವನ್ನು, ನನ್ನ ಬಾಣಂತನವನ್ನು. ಒಬ್ಬರಾದರೂ ನನ್ನನ್ನು ಒಂದು ಮಾತು ಕೇಳಬಾರದಿತ್ತೆ? ಆ ಮುದುಕರ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದಕ್ಕೇ ಇನ್ನಷ್ಟು ಕೋಪ ಬಂತು.

"ನನ್ ಕೈ ನೋಯ್ತದೆ ಅಂತ ನಿಮಗೆ ನಾನು ಹೇಳಿದ್ನಾ? ಬಿಚ್ಚಿ ಇದನ್ನ. ಗಂಡಸರದ್ದಕ್ಕೆ ಹೆಂಗೆ ಎಳೀತೀರೋ ಹಂಗೇ ಎಳೀರಿ" ಎಂದೆ. ಗಲ್ಲಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು.

ಸಾಬರು ಬೇಜಾರು ಮಾಡಿಕೊಳ್ಳಲಿಲ್ಲ. ಬ್ಯಾಟನ್ನು ಬೆಳಕಿಗೆ ಹಿಡಿದು, ಹಿಡಿಕೆ ಚೌಕಟ್ಟಿಗೆ ಸೇರುವ ಕಡೆ ಬೆರಳಾಡಿಸಿದರು. "ಅಮ್ಮಾ, ಮರ ಒಣಗಿದೆ. ಇಷ್ಟು ವರ್ಷ ಸಡಿಲಕ್ಕೆ ಒಗ್ಗಿ ಹೋಗಿದೆ. ಈಗ ಪೂರ್ತಿ ಎಳೆದ್ರೆ ಸೀಳಿದ್ರೂ ಸೀಳಬಹುದು. ಇಲ್ಲೇ ಸೀಳಬಹುದು, ಇಲ್ಲಾ ಆಟದಲ್ಲಿ ಸೀಳಬಹುದು. ಸುಮ್ನೆ ಇದನ್ನ ಮನೇಲಿ ಇಟ್ಬುಡಿ. ಹೊಸದಕ್ಕೇ ಬಿಗಿ ಹಾಕ್ಕೊಡ್ತೀನಿ."

ಅದು ನ್ಯಾಯವಾದ ಮಾತೇ ಆಗಿತ್ತು. ಬ್ಯಾಟನ್ನು ಬಿಡಬೇಕೋ ಬೇಡವೋ ಎಂದು ನಾಲ್ಕು ವರ್ಷ ಒದ್ದಾಡಿದ್ದೆ. ಈಗ ಬಿಡಲು ಒಳ್ಳೆಯ ಕಾರಣವೇ ಸಿಕ್ಕಿತ್ತು, ಯಾರೂ ನನ್ನನ್ನು ಆಡಿಕೊಳ್ಳುವ ಹಾಗಿರಲಿಲ್ಲ. ಆದರೆ ಗೋಡೆಗೆ ತಗುಲಿಹಾಕಿದರೆ ನನ್ನ ಹೊಡೆತ ಇನ್ನೂ ಇದೆಯೋ ಹೋಯಿತೋ ಎಂದು ಸಾಯುವವರೆಗೂ ಗೊತ್ತಾಗುವುದಿಲ್ಲ. ಹೊಸ ಬ್ಯಾಟಿನಲ್ಲಿ ಚೆನ್ನಾಗಿ ಆಡಿದರೆ, ನೋಡಿ ನಾವು ಹೇಳಲಿಲ್ಲವೆ ಎಂದು ಸೂಪರಿಂಟೆಂಡೆಂಟರು ಕಡಲೆಕಾಯಿ ಬಿಡಿಸುತ್ತಾರೆ. ನನಗೆ ಅದೇ ಬ್ಯಾಟಿನಿಂದ ತಿಳಿಯಬೇಕಿತ್ತು.

"ಸೀಳಿದ್ರೆ ಸೀಳ್ಲಿ. ಎಳೀರಿ" ಎಂದೆ.

ಎದುರಿಗೇ ನಿಂತು ಹಾಕಿಸಿದೆ. ಒಂದೊಂದು ಎಳೆ ಬಿಗಿದಾಗಲೂ ಮರ ಕಿರ್ರೆಂದಿತು. ಸಾಬರ ಹಣೆಯಲ್ಲಿ ಬೆವರು, ನನ್ನ ಅಂಗೈಯಲ್ಲೂ ಬೆವರು. ಸೀಳಲಿಲ್ಲ. ಹೊಸದನ್ನು ಕೋಪದಲ್ಲಿ ಹಾಗೇ ಬೋಳಾಗಿ ವಾಪಸು ತಂದುಬಿಟ್ಟೆ.

ಮನೆಗೆ ಬಂದು ಯಜಮಾನರನ್ನು ಕೇಳಿದೆ. "ಅವರಿಗೆ ಏನಂತ ಹೇಳಿದ್ರಿ ನೀವು?"

"ನಿನ್ ಕೈ ನೋಯ್ಬಾರ್ದು ಅಂತ ಹೇಳ್ದೆ ಕಣೇ. ತಪ್ಪಾ?" ಎಂದರು, ಪಾಪ, ನಿಜವಾಗಿಯೂ ಗೊತ್ತಿಲ್ಲದವರ ಹಾಗೆ. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಬೈದು ಹಗುರಾಗಬಹುದು. ಒಳ್ಳೆಯ ಮನಸ್ಸಿನಿಂದ ಮಾಡಿದವರನ್ನು ಏನು ಮಾಡುವುದು? ಎರಡು ದಿನ ಮಾತು ಬಿಟ್ಟೆ.

ಕುಣಿಗಲ್‌ಗೆ ಹೆಬ್ಬೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಹೊರಟೆವು. ಅಲ್ಲಿನ ಮೈದಾನದಲ್ಲಿ ನಾನು ಚೀಲದಿಂದ ಹಳೆಯ ಬ್ಯಾಟು ತೆಗೆದದ್ದನ್ನು ನೋಡಿ ಪಿ.ಟಿ. ಮೇಡಂ ಮುಖ ಗಂಟಿಕ್ಕಿದರು. "ಮತ್ತೆ ಅದನ್ನೇ ತಂದ್ಯಾ?"

"ಹತ್ತು ಪಾಯಿಂಟ್ ಆಡಕ್ಕೆ ಬಿಡಿ ಮೇಡಂ. ಒಂದೇ ಒಂದು ಔಟ್ ಹೋದ್ರೂ ನಾನೇ ಹೋಗಿ ಕೂತ್ಕೋತೀನಿ" ಎಂದೆ.

ಬಿಟ್ಟರು. ಮೊದಲ ಚೆಂಡು ಎತ್ತರಕ್ಕೆ ಬಂತು. ಹಿಂದೆ ಹೋಗಿ, ಓಡಿ ಬಂದು ಹೊಡೆದೆ. ಭುಜದವರೆಗೂ ಜುಮ್ಮೆಂದಿತು. ಚೆಂಡು ನಾನು ಕಣ್ಣಿಟ್ಟ ಜಾಗದಲ್ಲೇ, ಎದುರಿನ ಇಬ್ಬರ ನಡುವೆ ಮಣ್ಣಿಗೆ ಬಡಿಯಿತು. ಎರಡನೆಯದು ಗೆರೆಯ ಮೂಲೆಗೆ. ಮೂರನೆಯದನ್ನು ಅವರಿಗೆ ಮುಟ್ಟಲೂ ಆಗಲಿಲ್ಲ. ನನ್ನ ತೋಳು ಎಲ್ಲಿಗೂ ಹೋಗಿರಲಿಲ್ಲ! ಇಪ್ಪತ್ತೊಂಬತ್ತು ಪಾಯಿಂಟಿಗೆ ಒಂದು ಆಟ, ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ. ಮೊದಲನೆಯದನ್ನು ಗೆದ್ದೆವು. ಎರಡನೆಯದು ಅವರದಾಯಿತು. ಮೂರನೆಯದರಲ್ಲಿ ನಾವು ಮುಂದಿದ್ದೆವು. ನಾನು ಮತ್ತೊಂದು ಹೊಡೆದೆ, ಚೆಂಡು ಒಳಗೇ ಬಿತ್ತು, ಬ್ಯಾಟು ಸೀಳಿತು. ಸೌದೆ ಒಡೆದ ಸದ್ದು. ಪಾಯಿಂಟ್ ನಮಗೆ ಬಂತು; ಕೈಯಲ್ಲಿ ಹಿಡಿಕೆ ಉಳಿಯಿತು.

ಹೊರಗೆ ಕೂತಿದ್ದ ರಿಸರ್ವ್ ಹುಡುಗಿಯ ಬ್ಯಾಟು ಇಸಿದುಕೊಂಡೆ. ಅದರಲ್ಲಿ ಹೊಡೆದ ಮೊದಲ ಚೆಂಡು ಔಟು. ಎರಡನೆಯದೂ ಔಟು. ಬಲೆಯನ್ನು ಉಗುರಿನಿಂದ ಮೀಟಿದೆ. ಡೊಬ್. ಪಕ್ಕದವಳೊಂದಿಗೆ ಬದಲಾಯಿಸಿಕೊಂಡೆ. ಅದೂ ಡೊಬ್. ಆಟ ಸೋತೆವು.

ಸೋತ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ನಮ್ಮವರವು, ಗೆದ್ದವರವು, ಮರದಡಿ ತಮ್ಮ ಸರದಿಗೆ ಕಾಯುತ್ತಿದ್ದ ಇನ್ನೆರಡು ತಾಲ್ಲೂಕಿನವರವು, ಸಿಕ್ಕ ಬ್ಯಾಟುಗಳನ್ನೆಲ್ಲ ಕೇಳಿ ಕೇಳಿ ಇಸಿದುಕೊಂಡು ಮೀಟಿದೆ. ಇವಳಿಗೇನು ತಲೆ ಕೆಟ್ಟಿತೆ ಎಂದು ಎಲ್ಲರೂ ನೋಡುತ್ತಿದ್ದರು. ಎಲ್ಲವೂ ಸಡಿಲ. ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆಯವರು ಹಾಕಿದ್ದು. ಯಾರದೋ ಅಣ್ಣ, ಯಾರದೋ ಗಂಡ, ಯಾವುದೋ ಶಾಲೆಯ ಜವಾನ ಕೊಂಡೊಯ್ದು ಕೊಟ್ಟದ್ದು. ಆ ಮೈದಾನದಲ್ಲಿ ನನ್ನ ಮುರಿದ ಬ್ಯಾಟಿನ ಹೊರತು ಬಿಗಿಯಾದದ್ದು ಒಂದೂ ಇರಲಿಲ್ಲ. ಸಾಬರು ಹೇಳಿದ್ದನ್ನೆಲ್ಲ ಅಲ್ಲೇ ನಿಂತು ಗಟ್ಟಿಯಾಗಿ ಹೇಳಿದೆ. ಕೆಲವರು ನಕ್ಕರು. ಕೆಲವರು ತಮ್ಮ ಬ್ಯಾಟನ್ನು ತಾವೇ ಮೀಟಿ ನೋಡಿಕೊಂಡರು.

ಕೊನೆಗೆ ಉಳಿದದ್ದು ಪಿ.ಟಿ. ಮೇಡಂ ಅವರದು. ನಾನು ಕೇಳಲಿಲ್ಲ. ಅವರೇ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ಸಲ ಮೀಟಿದರು. ಇನ್ನೊಂದು ಸಲ ಮೀಟಿದರು. ಹೆಬ್ಬೆರಳಿನಿಂದ ಬಲೆಯನ್ನು ಒತ್ತಿದರು. ಅದು ಒಳಕ್ಕೆ ಹೋಯಿತು.

"ಹದಿನೈದು ವರ್ಷದಿಂದ ಹುಡುಗೀರಿಗೆ ಹೇಳ್ಕೊಡ್ತಾ ಇದೀನಿ, ಜೋರಾಗಿ ಹೊಡೀಬೇಡ್ರೇ, ಔಟ್ ಹೋಗ್ತದೆ ಅಂತ" ಎಂದರು.