ಕೋಪರಿ ಖಾಡಿಯ ಮೂರು ಭಾನುವಾರ

ಕಳೆದ ಶನಿವಾರ ನೆರೂಳಿನ ನಮ್ಮ ಹಳೇ ಕಾಲೇಜಿನಲ್ಲಿ ಉಪಾಧ್ಯ ಸರ್ ಅವರ ಬೀಳ್ಕೊಡುಗೆ. ನನ್ನನ್ನು ಕರೆದದ್ದು ಶಿಷ್ಯನೆಂಬ ಪ್ರೀತಿಗಲ್ಲ, ಸರ್ ಅವರದೇ ಮಿಮಿಕ್ರಿ ಮಾಡಲಿಕ್ಕೆ. (ಬಿಎಸ್ಸಿಯಲ್ಲಿ ನಾನು ನೆಟ್ಟಗೆ ಕಲಿತದ್ದು ಅದೊಂದೇ.)

ನನಗಿಂತ ಮೊದಲು ಪ್ರಿನ್ಸಿಪಾಲರು ಮೈಕ್ ಹಿಡಿದರು. "ಏಕ್ ಸಾಲ್ ಸರ್ ನೇ ಬಚ್ಚೋಂ ಸೇ ರಿಸರ್ಚ್ ಕರವಾಯಾ. ಔರ್ ಬಾಟಲ್ ಧುಲವಾನಾ ಹೀ ಭೂಲ್ ಗಯೇ! ಪೂರಾ ಡೇಟಾ ಗಟರ್ ಮೇ!"

ಹುಡುಗರಿಂದ ರಿಸರ್ಚ್ ಮಾಡಿಸಿದ ಸರ್ ಬಾಟಲಿ ತೊಳೆಸುವುದನ್ನೇ ಮರೆತರಂತೆ, ಡೇಟಾ ಎಲ್ಲ ಗಟಾರಕ್ಕಂತೆ! ಸಭೆ ಗೊಳ್ಳೆಂದಿತು. ಸರ್ ಕೂಡ ನಕ್ಕರು. ನನಗೆ ನಗು ಬರಲಿಲ್ಲ. ಬಾಟಲಿಗಳನ್ನು ಚೆನ್ನಾಗಿಯೇ ತೊಳೆದಿದ್ದೆವು.

ನಮ್ಮ ಪ್ರಾಕ್ಟಿಕಲ್ಸ್ ಹೇಗಿರುತ್ತಿತ್ತು ಗೊತ್ತಲ್ಲ? ಸೀನಿಯರ್‌ನ ಜರ್ನಲ್ (ಪ್ರಯೋಗದ ರೆಕಾರ್ಡ್ ಪುಸ್ತಕ) ತರುವುದು, ಉತ್ತರ ನೋಡುವುದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವುದು. ಆ ಸೀನಿಯರ್‌ಗೂ ಒಬ್ಬ ಸೀನಿಯರ್ ಇದ್ದ. ಮೊಟ್ಟಮೊದಲು ನಿಜವಾಗಿ ಪ್ರಯೋಗ ಮಾಡಿದ ಪುಣ್ಯಾತ್ಮ ಯಾರೋ, ಯಾವ ಕಾಲದವನೋ!

ಎರಡನೇ ವರ್ಷದಲ್ಲಿ ಉಪಾಧ್ಯ ಸರ್ ಆ ಜರ್ನಲ್ ಪಕ್ಕಕ್ಕಿಡಿಸಿದರು. ಪ್ರಿನ್ಸಿಪಾಲರನ್ನು ಕಾಡಿ ಬೇಡಿ, ನಿಜವಾದ ಪ್ರಯೋಗಕ್ಕೆ ಒಂದು ವರ್ಷದ ಮಟ್ಟಿಗೆ ಪರ್ಮಿಷನ್ ತಂದಿದ್ದರು. ಚೆನ್ನಾಗಿ ನಡೆದರೆ ಪ್ರತಿ ವರ್ಷ. ನಾವು ಆರು ಜನ ಆರು ಜಾಗದಿಂದ ಪ್ರತಿ ಭಾನುವಾರ ಬೆಳಿಗ್ಗೆ ಖಾಡಿಯ (ಊರೊಳಗೆ ಚಾಚಿದ ಸಮುದ್ರದ ತೋಳು) ನೀರು ತುಂಬಿ ತರಬೇಕು. ಸೋಮವಾರ ಲ್ಯಾಬಿನಲ್ಲಿ ಅದರಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯಬೇಕು.

"ಉತ್ತರ ಎಷ್ಟು ಬರಬೇಕು ಸರ್?" ಎಂದೆ.

"ನಂಗೂ ಗೊತ್ತಿಲ್ಲ ಮಾರಾಯ. ಗೊತ್ತಿದ್ರೆ ಮಾಡುದು ಎಂತಕ್ಕೆ?"

ನನ್ನ ಪಾಲಿಗೆ ಬಂದದ್ದು ಮನೆ ಪಕ್ಕದ ಕೋಪರಿ. ಎರಡು ತಿಂಗಳು ಹೋದೆ. ಆಮೇಲೆ ಮೂರು ಭಾನುವಾರ ನಿದ್ದೆ ಹೊಡೆದೆ. ಸೋಮವಾರ ಲ್ಯಾಬಿನ ನಲ್ಲಿಯಿಂದಲೇ ಬಾಟಲಿ ತುಂಬಿಸಿ, ಬ್ಯೂರೆಟ್ ಕೊಳವೆಯ ಮುಂದೆ ಹುಬ್ಬು ಗಂಟಿಕ್ಕಿ (ವಿಜ್ಞಾನಿಯ ಮಿಮಿಕ್ರಿ), ಹಿಂದಿನ ವಾರದ ಅಂಕಿಯನ್ನೇ ಚೂರು ಹೆಚ್ಚುಕಮ್ಮಿ ಮಾಡಿ ಬರೆದೆ. ಮೋಸ ಅನ್ನಿಸಲೇ ಇಲ್ಲ. ನಮಗೆ ರೀಡಿಂಗ್ ಬರೆಯುವುದೆಂದರೆ ಅದೇ ತಾನೆ?

ಸರ್ ಒಂದು ದಿನ ನನ್ನೊಬ್ಬನನ್ನೇ ಕರೆದರು. "ಭರತ ಇಳಿತಕ್ಕೆ ಉಳಿದ ಐದು ಕಡೆ ಅಂಕಿ ಮೇಲೆ ಕೆಳಗೆ ಆಗಿದೆ. ಕೋಪರಿಯಲ್ಲಿ ಮೂರು ವಾರ ಸಮುದ್ರಕ್ಕೆ ರಜೆಯಾ?"

ನಾನು ಬಾಟಲಿ ತೊಳೆಯುವ ನೆಪದಲ್ಲಿ ನಲ್ಲಿಯತ್ತ ತಿರುಗಿದೆ. ಅವರೂ ಮತ್ತೆ ಕೇಳಲಿಲ್ಲ. ಆದರೆ ಮೂರು ಸುಳ್ಳು ಸೇರಿದ ಪಟ್ಟಿಯನ್ನು ನಿಜವೆಂದು ಕಾಲೇಜಿಗೆ ಒಪ್ಪಿಸುವುದು ಅವರಿಂದಾಗಲಿಲ್ಲ. ನನ್ನ ಹೆಸರು ಹೇಳುವುದೂ ಆಗಲಿಲ್ಲ. ಪ್ರಿನ್ಸಿಪಾಲರ ಹತ್ತಿರ ಹೋಗಿ, ಬಾಟಲಿ ತೊಳೆಸಿದ್ದು ಸರಿಯಾಗಲಿಲ್ಲ, ತಪ್ಪು ತಮ್ಮದು ಎಂದುಬಿಟ್ಟರು. ಪರ್ಮಿಷನ್ ಮುಗಿಯಿತು. ಮುಂದಿನ ಬ್ಯಾಚಿನ ಹುಡುಗರು ನನ್ನ ಹತ್ತಿರವೇ ಬಂದು ಹಳೇ ಜರ್ನಲ್ ಒಯ್ದರು.

ಶನಿವಾರ ನನ್ನ ಸರದಿ ಬಂತು. ಸರ್ ನಡೆಯುವುದು, ಕನ್ನಡಕ ಒರೆಸುವುದು, "ಎಂತ ಮಾರಾಯ" ಎನ್ನುವುದು, ಎಲ್ಲ ಮಾಡಿದೆ. ಜನ ಇನ್ನೂ ಬೇಕೆಂದರು. ಬಾಟಲಿ ತೊಳೆಯುವುದನ್ನೂ ಮಾಡಿದೆ. ಹೌದು, ಅದನ್ನೂ. ಸಿಳ್ಳೆ ಬಿತ್ತು.

ಇಳಿದಾಗ ಸರ್ ನನ್ನ ಹೆಗಲು ಹಿಡಿದರು. "ಬಾಟಲಿದು ಫಸ್ಟ್ ಕ್ಲಾಸ್ ಆಯ್ತು ಮಾರಾಯ." ಕನ್ನಡಕ ತೆಗೆದು ಒರೆಸುತ್ತ, "ಆ ಮೂರು ಭಾನುವಾರ ಖಾಡಿಯಲ್ಲಿ ಎಷ್ಟಿತ್ತೋ ಏನೋ. ಇನ್ನು ಯಾರಿಗೂ ಗೊತ್ತಾಗುದಿಲ್ಲ, ಅಲ್ವಾ?" ಎಂದರು.

ಹತ್ತು ನಿಮಿಷ ಮೈಕ್ ನನ್ನ ಕೈಯಲ್ಲೇ ಇತ್ತು. ಒಂದು ವಾಕ್ಯ ಹೇಳಲು ಎಷ್ಟು ಹೊತ್ತು ಬೇಕಿತ್ತು?